ರೋಬೋಟ್ ನೆರವಿನ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ: ಫಲಿತಾಂಶದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ, ರೋಬೋಟ್ ನೆರವಿನಿಂದ ಆ ಗ್ರಂಥಿಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹೆಸರು ಪ್ರಕಟಿಸಬೇಡಿ ಎಂದು ಬಹುತೇಕ ಎಲ್ಲರೂ ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ. ಕೆಲವು ಪತ್ರಗಳನ್ನು ರೋಗಿಯ ಪರವಾಗಿ ಹೆಂಡತಿಯೋ ಮಗಳೋ ಬರೆದಿದ್ದಾರೆ. ಈ ಕಾಯಿಲೆಯ ವಿಷಯದಲ್ಲಿ ಗಂಡಸರು ಮನೆಯವರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂಬುದನ್ನು ಹೊರರೋಗಿ ವಿಭಾಗದಲ್ಲಿ ದಿನವೂ ನೋಡುವ ನನಗೆ ಅದು ಆಶ್ಚರ್ಯವೆನಿಸಲಿಲ್ಲ.

ಪ್ರಶ್ನೆ: ನನಗೆ 61 ವರ್ಷ. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಬಂದಿದೆ. ರೋಬೋಟ್ ಮೂಲಕ ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ವೈದ್ಯರು ಹೇಳಿದ್ದಾರೆ. ಯಂತ್ರದ ಕೈಗೆ ದೇಹವನ್ನು ಒಪ್ಪಿಸುವುದೆಂದರೆ ಭಯವಾಗುತ್ತದೆ. ನಡುವೆ ಅದು ಕೆಟ್ಟು ನಿಂತರೆ ಏನು ಗತಿ?

ಉತ್ತರ: ರೋಬೋಟ್ ಎಂಬ ಹೆಸರೇ ಈ ಭಯಕ್ಕೆ ಕಾರಣ. ಈ ಯಂತ್ರ ತಾನಾಗಿ ಯಾವ ನಿರ್ಧಾರವನ್ನೂ ಮಾಡುವುದಿಲ್ಲ, ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ರೋಗಿಯ ಹೊಟ್ಟೆಯ ಮೇಲೆ ಐದಾರು ಸಣ್ಣ ರಂಧ್ರಗಳನ್ನು ಮಾಡಿ, ಸುಮಾರು 8 ಮಿಲಿಮೀಟರ್ ಅಗಲದ ಕೊಳವೆಗಳ ಮೂಲಕ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಗಿಳಿಸುತ್ತಾರೆ. ಶಸ್ತ್ರಚಿಕಿತ್ಸಕರು ಅದೇ ಕೋಣೆಯಲ್ಲಿ ಕೆಲವು ಹೆಜ್ಜೆ ದೂರದಲ್ಲಿ ಕುಳಿತು, ಬೆರಳುಗಳನ್ನು ನಿಯಂತ್ರಕದ ಕುಣಿಕೆಗಳಿಗೆ ತೊಡಿಸಿಕೊಂಡು, ಕಾಲಿನಿಂದ ಪೆಡಲ್ ಒತ್ತುತ್ತಾ, ಸುಮಾರು ಹತ್ತು ಪಟ್ಟು ದೊಡ್ಡದಾಗಿ, ಆಳದ ಅಂದಾಜು ಸಿಗುವಂತೆ ಕಾಣುವ ಚಿತ್ರವನ್ನು ನೋಡುತ್ತಾ ಕೆಲಸ ಮಾಡುತ್ತಾರೆ. ಅವರ ಮಣಿಕಟ್ಟು ತಿರುಗಿದಂತೆ ಒಳಗಿನ ಉಪಕರಣದ ತುದಿ ತಿರುಗುತ್ತದೆ. ಕೈಯ ಸಣ್ಣ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ಅವರು ಚಿತ್ರದಿಂದ ಮುಖ ಹಿಂದಕ್ಕೆ ತೆಗೆದರೆ ಉಪಕರಣಗಳು ಇದ್ದಲ್ಲಿಯೇ ನಿಂತುಬಿಡುತ್ತವೆ. ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಶಸ್ತ್ರಚಿಕಿತ್ಸಕರು ಕೊನೆಯವರೆಗೂ ಇರುತ್ತಾರೆ. ಯಂತ್ರ ಕೆಡುವುದು ತೀರಾ ಅಪರೂಪ. ಕೆಟ್ಟರೂ ಅದೇ ತಂಡ ಲ್ಯಾಪರೋಸ್ಕೋಪಿಯಿಂದಲೋ (ಸಣ್ಣ ರಂಧ್ರಗಳ ಮೂಲಕ, ರೋಬೋಟ್ ಇಲ್ಲದೆ ಕೈಯಿಂದಲೇ ಉಪಕರಣ ನಡೆಸುವ ವಿಧಾನ) ಹೊಟ್ಟೆ ತೆರೆದೋ ಕೆಲಸವನ್ನು ಮುಗಿಸುತ್ತದೆ, ಅದಕ್ಕೆ ಬೇಕಾದ ಸಾಮಗ್ರಿ ಅಲ್ಲಿಯೇ ಸಿದ್ಧವಾಗಿರುತ್ತದೆ.

ಈ ವಿಧಾನ ಪ್ರಾಸ್ಟೇಟಿಗೆ ಇಷ್ಟು ಬೇಗ ಒಗ್ಗಿದ್ದಕ್ಕೆ ಆ ಗ್ರಂಥಿ ಇರುವ ಜಾಗವೇ ಕಾರಣ. ಅದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಕಿಬ್ಬೊಟ್ಟೆಯ ಮೂಳೆಯ ಹಿಂದೆ ಒಂದು ಇಕ್ಕಟ್ಟಿನ ಗುಣಿಯಲ್ಲಿದೆ. ಹೊಟ್ಟೆ ತೆರೆದು ಮಾಡುವಾಗ ಆ ಆಳದಲ್ಲಿ ಎರಡು ಕೈ ಆಡಿಸುವುದೇ ಕಷ್ಟ. ಸುತ್ತಲಿನ ಅಭಿಧಮನಿಗಳಿಂದ ರಕ್ತ ಒಸರಿದರೆ ಏನೂ ಕಾಣುವುದಿಲ್ಲ. ರೋಬೋಟ್ ವಿಧಾನದಲ್ಲಿ ಹೊಟ್ಟೆಯೊಳಗೆ ತುಂಬಿದ ಅನಿಲದ ಒತ್ತಡವೇ ಸಣ್ಣ ರಕ್ತನಾಳಗಳ ಸೋರಿಕೆಯನ್ನು ಅದುಮಿಡುವುದರಿಂದ ನೋಟ ತಿಳಿಯಾಗಿರುತ್ತದೆ. 2000ದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಈ ಶಸ್ತ್ರಚಿಕಿತ್ಸೆ ಆರಂಭವಾಯಿತು. ಅದರ ಬೆನ್ನಲ್ಲೇ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಡಾ. ಮಣಿ ಮೆನನ್ ಅವರ ತಂಡ ಅದನ್ನು ಕ್ರಮಬದ್ಧ ವಿಧಾನವಾಗಿ ಬೆಳೆಸಿತು. ಒಂದು ಕೊರತೆಯನ್ನೂ ಹೇಳಬೇಕು. ಬೆರಳಿಗೆ ಅಂಗಾಂಶದ ಮೆದು, ಗಟ್ಟಿ ತಿಳಿಯುವುದಿಲ್ಲ. ಕಣ್ಣಿನಿಂದಲೇ ಅದನ್ನು ಅಂದಾಜು ಮಾಡಬೇಕು. ಸ್ಪರ್ಶದ ಅನುಭವವನ್ನು ಸ್ವಲ್ಪ ಮಟ್ಟಿಗೆ ಕೊಡುವ ಯಂತ್ರಗಳು ಈಚೆಗಷ್ಟೇ ಬರತೊಡಗಿವೆ.

ಪ್ರಶ್ನೆ: ಹೊಟ್ಟೆ ತೆರೆದು ಮಾಡುವುದಕ್ಕಿಂತ ರೋಬೋಟಿನಿಂದ ಮಾಡಿದರೆ ಕ್ಯಾನ್ಸರ್ ಪೂರ್ತಿ ಹೋಗುತ್ತದೆ, ಮೂತ್ರ ಸೋರುವುದಿಲ್ಲ, ಲೈಂಗಿಕ ಶಕ್ತಿಯೂ ಉಳಿಯುತ್ತದೆ ಎಂದು ಒಂದು ಜಾಹೀರಾತಿನಲ್ಲಿ ಓದಿದೆ. ಇದು ನಿಜವೇ?

ಉತ್ತರ: ಆ ಜಾಹೀರಾತನ್ನು ಬರೆದವರು ಹೇಳಿರುವಷ್ಟು ನಿಜವಲ್ಲ. ಇದರ ಬಗ್ಗೆ ಎಚ್ಚರಿಕೆಯಿಂದ ನಡೆಸಿದ ಅಧ್ಯಯನಗಳಿವೆ. ಅವುಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ನಿರ್ಧಾರ ಇದರ ಮೇಲೆಯೇ ನಿಲ್ಲಬೇಕು.

ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 326 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೆರೆದ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯನ್ನೂ ನಿಗದಿ ಮಾಡಿದರು. 2016ರಲ್ಲಿ ಅದರ ಮೊದಲ ಫಲಿತಾಂಶ ಪ್ರಕಟವಾಯಿತು. ರಕ್ತಸ್ರಾವದಲ್ಲಿ ದೊಡ್ಡ ಅಂತರವಿತ್ತು: ತೆರೆದ ವಿಧಾನದಲ್ಲಿ ಸರಾಸರಿ 1,300 ಮಿಲಿಲೀಟರಿಗೂ ಹೆಚ್ಚು, ರೋಬೋಟ್ ವಿಧಾನದಲ್ಲಿ ಸುಮಾರು 440 ಮಿಲಿಲೀಟರ್. ಆಸ್ಪತ್ರೆಯಲ್ಲಿ ಉಳಿಯುವ ದಿನಗಳೂ ಮೊದಲ ವಾರದ ನೋವೂ ರೋಬೋಟ್ ಗುಂಪಿನಲ್ಲಿ ಕಡಿಮೆ. ಆದರೆ 12 ವಾರಗಳ ಬಳಿಕ ಮೂತ್ರದ ಹಿಡಿತವನ್ನೂ ಲೈಂಗಿಕ ಸಾಮರ್ಥ್ಯವನ್ನೂ ಅಳೆದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಎರಡು ವರ್ಷಗಳ ಫಲಿತಾಂಶ ಬಂದಾಗಲೂ ಅದೇ ಕತೆ. ಪಿಎಸ್‌ಎ (ಪ್ರಾಸ್ಟೇಟ್ ಕಣಗಳು ರಕ್ತಕ್ಕೆ ಬಿಡುವ ಪ್ರೋಟೀನು; ಶಸ್ತ್ರಚಿಕಿತ್ಸೆಯ ಬಳಿಕ ಅದು ಏರಿದರೆ ಕ್ಯಾನ್ಸರ್ ಮರಳಿದ ಸೂಚನೆ) ಮತ್ತೆ ಏರಿದವರ ಸಂಖ್ಯೆ ರೋಬೋಟ್ ಗುಂಪಿನಲ್ಲಿ ಕಡಿಮೆ ಇತ್ತಾದರೂ, ಶಸ್ತ್ರಚಿಕಿತ್ಸೆಯ ನಂತರದ ಚಿಕಿತ್ಸೆ ಎರಡೂ ಕಡೆ ಒಂದೇ ಕ್ರಮದಲ್ಲಿ ನಡೆದಿರಲಿಲ್ಲವಾದ್ದರಿಂದ ಅದನ್ನು ಎಚ್ಚರದಿಂದ ಓದಬೇಕೆಂದು ಸಂಶೋಧಕರೇ ಬರೆದರು. ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದಿದೆ. ಪ್ರತಿ ಗುಂಪಿಗೆ ಒಬ್ಬರೇ ಶಸ್ತ್ರಚಿಕಿತ್ಸಕರಿದ್ದರು. ತೆರೆದ ವಿಧಾನದವರು ಆ ವೇಳೆಗೆ 1,500ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದ್ದವರು. ರೋಬೋಟ್ ವಿಧಾನದವರು ಸುಮಾರು 200 ಮಾತ್ರ. ಅಂದರೆ ಅಲ್ಲಿ ಎರಡು ವಿಧಾನಗಳ ಜೊತೆಗೆ ಎರಡು ಅನುಭವಗಳ ಹೋಲಿಕೆಯೂ ನಡೆದಿತ್ತು.

ಸ್ವೀಡನ್ನಿನ 14 ಆಸ್ಪತ್ರೆಗಳಲ್ಲಿ ಇನ್ನೂ ದೊಡ್ಡ ಅಧ್ಯಯನವೊಂದು ನಡೆಯಿತು. ಅಲ್ಲಿ ಚೀಟಿ ಎತ್ತಲಿಲ್ಲ. ಆಯಾ ಆಸ್ಪತ್ರೆಯಲ್ಲಿ ರೂಢಿಯಲ್ಲಿದ್ದ ವಿಧಾನದಲ್ಲಿಯೇ ಚಿಕಿತ್ಸೆ ಪಡೆದ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಂದು ವರ್ಷದ ಬಳಿಕ ಪ್ರಶ್ನಾವಳಿಯ ಮೂಲಕ ವಿಚಾರಿಸಿದರು. ಮೂತ್ರ ಸೋರಿಕೆ ಉಳಿದಿದ್ದವರು ರೋಬೋಟ್ ಗುಂಪಿನಲ್ಲಿ ಶೇ 21, ತೆರೆದ ಗುಂಪಿನಲ್ಲಿ ಶೇ 20. ನಿಮಿರುವಿಕೆಯ ತೊಂದರೆ ಇದ್ದವರು ಕ್ರಮವಾಗಿ ಶೇ 70 ಮತ್ತು ಶೇ 75. ಎರಡನೆಯದರಲ್ಲಿ ರೋಬೋಟಿನ ಕಡೆ ಸಣ್ಣ ಒಲವಿದೆ, ಮೊದಲನೆಯದರಲ್ಲಿ ಅದೂ ಇಲ್ಲ. ಜರ್ಮನಿಯಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ ರೋಬೋಟನ್ನು ಸಾಮಾನ್ಯ ಲ್ಯಾಪರೋಸ್ಕೋಪಿಯ ಜೊತೆ ಹೋಲಿಸಿದಾಗ, ಮೂರು ತಿಂಗಳಲ್ಲಿ ಮೂತ್ರದ ಹಿಡಿತ ಮರಳಿದವರು ರೋಬೋಟ್ ಗುಂಪಿನಲ್ಲಿ ಶೇ 54, ಲ್ಯಾಪರೋಸ್ಕೋಪಿ ಗುಂಪಿನಲ್ಲಿ ಶೇ 46.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ರಕ್ತ ಕಡಿಮೆ ಹೋಗುವುದು, ರಕ್ತ ಕೊಡಬೇಕಾದ ಸಂದರ್ಭ ಅಪರೂಪವಾಗುವುದು, ಬೇಗ ಮನೆಗೆ ಹೋಗುವುದು, ಗಾಯದ ತೊಂದರೆ ಕಡಿಮೆಯಾಗುವುದು, ಮೂತ್ರಕೋಶದ ಕತ್ತಿನಲ್ಲಿ ಮುಂದೆ ಕಟ್ಟಿಕೊಳ್ಳುವ ಬಿಗುವು ಕಡಿಮೆಯಾಗುವುದು ರೋಬೋಟಿನ ನಿಜವಾದ ಲಾಭಗಳು. ಇವು ಸಣ್ಣ ಲಾಭಗಳೇನೂ ಅಲ್ಲ. ನಾನಾಗಿದ್ದರೂ, ಒಳ್ಳೆಯ ಅನುಭವವಿರುವ ಕೈ ಸಿಕ್ಕರೆ, ಇದೇ ವಿಧಾನವನ್ನು ಆರಿಸಿಕೊಳ್ಳುತ್ತಿದ್ದೆ. ಆದರೆ ವರ್ಷ ಕಳೆದ ಮೇಲೆ ನಿಮ್ಮ ಬದುಕು ಹೇಗಿರುತ್ತದೆ ಎಂಬುದನ್ನು ನಿಮ್ಮ ವಯಸ್ಸು, ಕ್ಯಾನ್ಸರಿನ ವ್ಯಾಪ್ತಿ, ಮೊದಲಿದ್ದ ಆರೋಗ್ಯ ಮತ್ತು ಶಸ್ತ್ರಚಿಕಿತ್ಸಕರ ಅನುಭವ ಯಂತ್ರಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತವೆ.

ಪ್ರಶ್ನೆ: ಹಾಗಿದ್ದರೆ ಶಸ್ತ್ರಚಿಕಿತ್ಸಕರನ್ನು ಆರಿಸುವುದು ಹೇಗೆ? ವೈದ್ಯರನ್ನೇ ಪರೀಕ್ಷೆ ಮಾಡಿದಂತೆ ಪ್ರಶ್ನೆ ಕೇಳಿದರೆ ಅವರಿಗೆ ಬೇಸರವಾಗುವುದಿಲ್ಲವೇ?

ಉತ್ತರ: ಬೇಸರಪಡುವ ವೈದ್ಯರಿಗಿಂತ ಸಮಾಧಾನದಿಂದ ಉತ್ತರಿಸುವ ವೈದ್ಯರು ನಿಮಗೆ ಬೇಕು, ಆದ್ದರಿಂದ ಸಂಕೋಚವಿಲ್ಲದೆ ಕೇಳಿ. ಇದುವರೆಗೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ, ಕಳೆದ ವರ್ಷ ಎಷ್ಟು ಮಾಡಿದ್ದೀರಿ, ನಿಮ್ಮ ರೋಗಿಗಳಲ್ಲಿ ವರ್ಷದ ಬಳಿಕ ಪ್ಯಾಡ್ ಇಲ್ಲದೆ ಓಡಾಡುವವರು ಎಷ್ಟು ಮಂದಿ ಎಂದು ಕೇಳಿ. ಆ ಲೆಕ್ಕವನ್ನು ರೋಗಿಗಳೇ ತುಂಬಿಕೊಟ್ಟ ಪ್ರಶ್ನಾವಳಿಯಿಂದ ತೆಗೆದಿದ್ದಾರೋ ನೆನಪಿನಿಂದ ಹೇಳುತ್ತಿದ್ದಾರೋ ಎಂಬುದನ್ನೂ ವಿಚಾರಿಸಿ, ಏಕೆಂದರೆ ವೈದ್ಯರ ಮುಖ ನೋಡಿ ‘ಪರವಾಗಿಲ್ಲ ಡಾಕ್ಟ್ರೇ’ ಎನ್ನುವ ರೋಗಿ ಪ್ರಶ್ನಾವಳಿಯಲ್ಲಿ ದಿನಕ್ಕೆ ಮೂರು ಪ್ಯಾಡ್ ಎಂದು ಬರೆಯುವುದನ್ನು ನಾನೇ ನೋಡಿದ್ದೇನೆ.

ಅನುಭವದ ಮಾತು ಬರೀ ನಂಬಿಕೆಯಲ್ಲ. ತೆರೆದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಸಾವಿರಾರು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಮೊದಲು ಕೇವಲ 10 ಶಸ್ತ್ರಚಿಕಿತ್ಸೆ ಮಾಡಿದ್ದವರ ಕೈಯಲ್ಲಿ ಐದು ವರ್ಷದೊಳಗೆ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ ಶೇ 18ರ ಹತ್ತಿರವಿದ್ದರೆ, 250 ಮಾಡಿದ್ದವರ ಕೈಯಲ್ಲಿ ಅದು ಶೇ 11ರ ಹತ್ತಿರಕ್ಕೆ ಇಳಿದಿತ್ತು. ಹೊಸ ಯಂತ್ರ ಬಂದಾಕ್ಷಣ ಈ ಕಲಿಕೆಯ ಹಾದಿ ಮೊಟಕಾಗುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರ ಆಸ್ಪತ್ರೆಯಲ್ಲಿದೆ ಎಂಬ ಕಾರಣಕ್ಕೇ ಅಲ್ಲಿಗೆ ಹೋಗಬೇಡಿ. ಅದನ್ನು ವಾರ ವಾರವೂ ಬಳಸುವವರು ಯಾರು ಎಂದು ಕೇಳಿಕೊಂಡು ಹೋಗಿ.

ಪ್ರಶ್ನೆ: ಆಪರೇಷನ್ ಆಗಿ ಐದು ವಾರ. ಕ್ಯಾತಿಟರ್ (ಮೂತ್ರ ಹೊರಹರಿಯಲು ಹಾಕಿದ್ದ ಕೊಳವೆ) ತೆಗೆದ ದಿನದಿಂದ ಮೂತ್ರ ಸೋರುತ್ತಿದೆ. ದಿನಕ್ಕೆ ನಾಲ್ಕು ಪ್ಯಾಡ್ ಬೇಕು. ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ ಬಟ್ಟೆ ಒದ್ದೆಯಾಗುತ್ತದೆ. ಜನರ ನಡುವೆ ಕೂರಲು ನಾಚಿಕೆ. ಇದು ಜೀವನಪೂರ್ತಿ ಹೀಗೆಯೇ ಇರುತ್ತದೆಯೇ? (66 ವರ್ಷದ ಓದುಗರು)

ಉತ್ತರ: ಐದನೆಯ ವಾರದಲ್ಲಿ ನಿಮ್ಮ ಸ್ಥಿತಿ ಇರಬೇಕಾದಂತೆಯೇ ಇದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇದನ್ನು ನಿಮಗೆ ಬಿಡಿಸಿ ಹೇಳಿದ್ದರೆ ನೀವು ಇಷ್ಟು ಕುಗ್ಗುತ್ತಿರಲಿಲ್ಲ ಎಂದು ನನಗೆ ನೋವಾಗುತ್ತದೆ.

ಮೂತ್ರವನ್ನು ಹಿಡಿದಿಡಲು ದೇಹದಲ್ಲಿ ಎರಡು ಕಾವಲುಗಳಿವೆ. ಮೇಲಿನದು ಮೂತ್ರಕೋಶದ ಕತ್ತಿನಲ್ಲಿದೆ. ಅದು ನಾವು ಯೋಚಿಸದೆಯೇ ಕೆಲಸ ಮಾಡುತ್ತದೆ. ಕೆಳಗಿನದು ಪ್ರಾಸ್ಟೇಟಿನ ತುದಿಯ ಕೆಳಗಿರುವ ಉಂಗುರದಂಥ ಸ್ನಾಯು. ಅದು ನಮ್ಮ ಇಚ್ಛೆಗೆ ಒಳಪಟ್ಟಿದೆ. ಪ್ರಾಸ್ಟೇಟನ್ನು ಪೂರ್ತಿ ತೆಗೆದು, ಮೂತ್ರಕೋಶದ ಕತ್ತನ್ನು ಕೆಳಗೆ ಎಳೆದು ಮೂತ್ರನಾಳಕ್ಕೆ ಹೊಲಿದಾಗ ಮೇಲಿನ ಕಾವಲು ಬಹುಮಟ್ಟಿಗೆ ಹೋಗುತ್ತದೆ. ಇಷ್ಟು ವರ್ಷ ಅರ್ಧ ಭಾರ ಹೊತ್ತಿದ್ದ ಕೆಳಗಿನ ಸ್ನಾಯುವಿನ ಮೇಲೆ ಈಗ ಇಡೀ ಭಾರ ಬಿದ್ದಿದೆ. ಅದು ಬಲಗೊಳ್ಳಲು ತಿಂಗಳುಗಳು ಬೇಕು. ಮೊದಲು ರಾತ್ರಿ ಒಣಗುತ್ತದೆ, ಆಮೇಲೆ ಬೆಳಗಿನ ಹೊತ್ತು. ಸ್ನಾಯು ದಣಿದಿರುವ ಸಂಜೆಯ ಸೋರಿಕೆ ಕೊನೆಗೆ ನಿಲ್ಲುತ್ತದೆ. ನೀವು ಮಲಗಿದ್ದಾಗ ಒಣಗಿರುತ್ತೀರಿ ಎಂದಾದರೆ ಅದು ಒಳ್ಳೆಯ ಲಕ್ಷಣ.

ವ್ಯಾಯಾಮದ ಬಗ್ಗೆ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಅದನ್ನು ತಪ್ಪಾಗಿಯೇ ಮಾಡುತ್ತಾರೆ. ಅಪಾನವಾಯು ಹೊರಬರದಂತೆ ತಡೆಯುವಾಗ ಯಾವ ಸ್ನಾಯುವನ್ನು ಒಳಕ್ಕೆ ಸೆಳೆದುಕೊಳ್ಳುತ್ತೀರೋ ಅದೇ ಸ್ನಾಯುವನ್ನು ಈಗ ಸೆಳೆಯಿರಿ. ಕನ್ನಡಿಯ ಮುಂದೆ ನಿಂತು ಮಾಡಿದರೆ ಜನನಾಂಗದ ಬುಡ ಸ್ವಲ್ಪ ಒಳಕ್ಕೆ ಸರಿಯುವುದೂ ವೃಷಣಗಳು ತುಸು ಮೇಲೇರುವುದೂ ಕಾಣಬೇಕು. ಹೊಟ್ಟೆ, ತೊಡೆ, ಪಿರ್ರೆಗಳು ಬಿಗಿಯಬಾರದು, ಉಸಿರು ಕಟ್ಟಬಾರದು. ಹೀಗೆ ಐದರಿಂದ ಹತ್ತು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಟ್ಟು, ಹತ್ತು ಸಲ ಮಾಡಿ. ದಿನಕ್ಕೆ ಮೂರು ಹೊತ್ತು. ಸಡಿಲ ಬಿಡುವುದೂ ಬಿಗಿಯುವಷ್ಟೇ ಮುಖ್ಯ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ಕೆಮ್ಮುವ, ಸೀನುವ, ಕುರ್ಚಿಯಿಂದ ಏಳುವ ಕ್ಷಣಕ್ಕೆ ತುಸು ಮುಂಚೆ ಆ ಸ್ನಾಯುವನ್ನು ಬಿಗಿದುಕೊಳ್ಳುವುದನ್ನು ರೂಢಿಸಿಕೊಳ್ಳಿ. ಸೋರುತ್ತದೆಂದು ನೀರು ಕುಡಿಯುವುದನ್ನು ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಿದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ.

ನನ್ನ ಬಳಿ ಬಂದಿದ್ದ ಒಬ್ಬರು ಕ್ಯಾತಿಟರ್ ತೆಗೆದ ದಿನದಿಂದ ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆಷ್ಟು ಪ್ಯಾಡ್ ಎಂದು ಗೀಟು ಎಳೆದು ಇಟ್ಟಿದ್ದರು. ಮೊದಲ ಪುಟಗಳಲ್ಲಿ ಐದು ಗೀಟು, ಆರು ಗೀಟು. ‘ಏನೂ ಸುಧಾರಿಸಿಲ್ಲ’ ಎಂದು ಹೇಳುತ್ತಲೇ ಆ ಪುಸ್ತಕವನ್ನು ನನ್ನ ಮುಂದಿಟ್ಟರು. ಪುಟ ತಿರುವುತ್ತಾ ಹೋದಂತೆ ಗೀಟುಗಳು ಮೂರಕ್ಕೆ ಇಳಿದಿದ್ದವು, ಆಮೇಲೆ ಎರಡಕ್ಕೆ. ದಿನದಿಂದ ದಿನಕ್ಕೆ ಕಾಣದ ಸುಧಾರಣೆ ಅವರ ಕೈಬರಹದಲ್ಲಿಯೇ ಇತ್ತು. ನೀವೂ ಹಾಗೊಂದು ಲೆಕ್ಕ ಇಡಿ.

ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ನಿಗದಿಯಾದವರಲ್ಲಿ ಆರು ತಿಂಗಳಿಗೆ ಶೇ 46 ಮಂದಿ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷಕ್ಕೆ ಅದು ಶೇ 17ಕ್ಕೆ ಇಳಿದಿತ್ತು. ಆ ಶಸ್ತ್ರಚಿಕಿತ್ಸೆಗಳು ಹೆಚ್ಚಾಗಿ ತೆರೆದ ವಿಧಾನದವು ಎಂಬುದನ್ನು ಗಮನದಲ್ಲಿಡಿ. ಮೂತ್ರಕೋಶದ ಮುಂಭಾಗದ ಆಧಾರಗಳನ್ನು ಕತ್ತರಿಸದೆ ಹಿಂದಿನಿಂದ ಗ್ರಂಥಿಯನ್ನು ತಲುಪುವ, ಇಟಲಿಯ ಮಿಲಾನಿನಲ್ಲಿ ಬೆಳೆದ ರೋಬೋಟ್ ವಿಧಾನವೊಂದರಲ್ಲಿ ಮೊದಲ ವಾರಗಳ ಹಿಡಿತ ಬೇಗ ಮರಳುತ್ತದೆ. ವರ್ಷದ ಹೊತ್ತಿಗೆ ಸಾಮಾನ್ಯ ವಿಧಾನದವರೂ ಬಹುಮಟ್ಟಿಗೆ ಅವರ ಸಮಕ್ಕೆ ಬರುತ್ತಾರೆ.

ಮೂತ್ರದ ಧಾರೆ ದಿನೇ ದಿನೇ ಸಣ್ಣದಾಗುತ್ತಿದ್ದರೆ, ಪೂರ್ತಿ ಕಟ್ಟಿಕೊಂಡರೆ, ಚಳಿಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ವರ್ಷ ಕಳೆದರೂ ಸೋರಿಕೆ ಬದುಕಿಗೆ ಅಡ್ಡಿಯಾಗುವಷ್ಟು ಉಳಿದರೆ, ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿಯನ್ನೋ ಕೃತಕ ಕಾವಲು ಉಂಗುರವನ್ನೋ ಅಳವಡಿಸುವ ಶಸ್ತ್ರಚಿಕಿತ್ಸೆಗಳಿವೆ. ಇವುಗಳ ಬಗ್ಗೆ ಕೇಳದೆ ವರ್ಷಗಟ್ಟಲೆ ಪ್ಯಾಡಿನಲ್ಲೇ ದಿನ ತಳ್ಳುವವರನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ.

ಪ್ರಶ್ನೆ: ಇದನ್ನು ಬರೆಯಲು ಸಂಕೋಚ. ನನ್ನ ಯಜಮಾನರಿಗೆ 58 ವರ್ಷ. ಆಪರೇಷನ್ ಆಗಿ ಎಂಟು ತಿಂಗಳಾಯಿತು. ಕ್ಯಾನ್ಸರ್ ಇಲ್ಲ ಎಂದಿದ್ದಾರೆ. ಆದರೆ ಅವರು ನನ್ನ ಹತ್ತಿರವೇ ಬರುವುದಿಲ್ಲ, ಮಾತೂ ಕಡಿಮೆಯಾಗಿದೆ. ನರಗಳನ್ನು ಉಳಿಸಿದ್ದೇವೆ ಎಂದು ವೈದ್ಯರು ಹೇಳಿದ್ದರು. ಹಾಗಾದರೆ ಏಕೆ ಹೀಗೆ?

ಉತ್ತರ: ನೀವು ಬರೆದದ್ದು ಬಹಳ ಒಳ್ಳೆಯದಾಯಿತು, ತಾಯಿ. ಈ ಪ್ರಶ್ನೆಯನ್ನು ಕೇಳಬೇಕೆಂದುಕೊಂಡು ಕೇಳದೆ ಉಳಿದವರು ಬಹಳ ಮಂದಿ ಇದ್ದಾರೆ.

ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟಿನ ಎರಡೂ ಪಕ್ಕಗಳಲ್ಲಿ, ರಕ್ತನಾಳಗಳ ಜೊತೆ ಹೆಣೆದುಕೊಂಡು, ಗ್ರಂಥಿಯ ಹೊದಿಕೆಗೆ ಅಂಟಿಕೊಂಡಂತೆಯೇ ಸಾಗುತ್ತವೆ. ಅವುಗಳ ಹಾದಿಯನ್ನು ಗುರುತಿಸಿ, 1982ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಡಾ. ಪ್ಯಾಟ್ರಿಕ್ ವಾಲ್ಷ್ ಅವರು ನರಗಳನ್ನು ಉಳಿಸುವ ಉದ್ದೇಶದಿಂದಲೇ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಅದಕ್ಕೂ ಮುಂಚೆ ಈ ಶಸ್ತ್ರಚಿಕಿತ್ಸೆ ಎಂದರೆ ಪುರುಷತ್ವ ಹೋಯಿತೆಂದೇ ಅರ್ಥವಾಗಿತ್ತು. ರೋಬೋಟಿನ ದೊಡ್ಡದಾದ ನೋಟದಲ್ಲಿ ಆ ಕೆಲಸ ಈರುಳ್ಳಿಯ ಒಳಪೊರೆಯನ್ನು ಹರಿಯದಂತೆ ಬಿಡಿಸಿದ ಹಾಗೆ ಕಾಣುತ್ತದೆ. ಶಾಖದಿಂದ ನರ ಬೆಂದುಹೋಗುವ ಭಯಕ್ಕೆ ಅಲ್ಲಿ ವಿದ್ಯುತ್ತಿನಿಂದ ಸುಡುವ ಉಪಕರಣವನ್ನು ಆದಷ್ಟು ಬಳಸುವುದಿಲ್ಲ. ಸಣ್ಣ ರಕ್ತನಾಳಗಳಿಗೆ ಕ್ಲಿಪ್ ಹಾಕಿ, ಕತ್ತರಿಯ ತುದಿಯಿಂದ ಮೆಲ್ಲಗೆ ಸರಿಸುತ್ತಾ ಹೋಗುತ್ತಾರೆ. ಇಷ್ಟು ಜೋಪಾನ ಮಾಡಿದರೂ ಆ ನರಗಳು ಎಳೆತಕ್ಕೂ ಊತಕ್ಕೂ ಸಿಕ್ಕಿ ತಾತ್ಕಾಲಿಕವಾಗಿ ಮಂಕಾಗುತ್ತವೆ. ಎಚ್ಚೆತ್ತುಕೊಳ್ಳಲು ಅವುಗಳಿಗೆ ಒಂದರಿಂದ ಎರಡು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ನಿಮ್ಮವರಿಗೆ ಎಂಟು ತಿಂಗಳಷ್ಟೇ ಆಗಿದೆ. ವಯಸ್ಸು ಅರವತ್ತರ ಒಳಗಿರುವುದು, ಎರಡೂ ಬದಿಯ ನರಗಳು ಉಳಿದಿರುವುದು, ಮೊದಲು ತೊಂದರೆ ಇಲ್ಲದಿದ್ದದ್ದು, ಸಕ್ಕರೆ ಕಾಯಿಲೆ ಇಲ್ಲದಿರುವುದು ಇವೆಲ್ಲ ಮರಳುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಮೊದಲಿನಷ್ಟೇ ಪೂರ್ತಿ ಮರಳುತ್ತದೆ ಎಂದು ಭರವಸೆ ಕೊಟ್ಟರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಮೇಲೆ ಹೇಳಿದ ಸ್ವೀಡನ್ನಿನ ಅಂಕಿ ಅದನ್ನೇ ಹೇಳುತ್ತದೆ.

ಕಾಯುವ ಈ ಅವಧಿಯಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳಿವೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇವುಗಳನ್ನು ಮುಟ್ಟಲೇಬಾರದು. ಮಾತ್ರೆ ಫಲಿಸದಿದ್ದರೆ ನಿರ್ವಾತ ಪಂಪ್, ಚುಚ್ಚುಮದ್ದು, ಕೊನೆಯ ಹಂತದಲ್ಲಿ ಒಳಗೆ ಅಳವಡಿಸುವ ಸಾಧನವೂ ಇದೆ. ಈ ಶಸ್ತ್ರಚಿಕಿತ್ಸೆಯ ಬಳಿಕ ವೀರ್ಯ ಹೊರಬರುವುದಿಲ್ಲ, ಆದ್ದರಿಂದ ಸಹಜವಾಗಿ ಮಕ್ಕಳಾಗುವುದೂ ಇಲ್ಲ. ಆದರೆ ಸುಖದ ಅನುಭವ ಉಳಿದಿರುತ್ತದೆ, ಏಕೆಂದರೆ ಅದರ ನರಮಾರ್ಗ ಬೇರೆ. ಇದನ್ನು ಯಾರೂ ಹೇಳದಿದ್ದರೆ ಗಂಡಸು ಎಲ್ಲವೂ ಮುಗಿಯಿತೆಂದು ತಿಳಿದು ದೂರ ಸರಿಯುತ್ತಾನೆ. ನಿಮ್ಮವರು ನಿಮ್ಮಿಂದ ದೂರವಾಗಿರುವುದು ಬೇಸರದಿಂದಲ್ಲ, ಸೋಲಿನ ಭಯದಿಂದ ಎಂದು ನನಗೆ ಅನ್ನಿಸುತ್ತದೆ. ಮುಂದಿನ ಸಲ ತಪಾಸಣೆಗೆ ಹೋಗುವಾಗ ನೀವೂ ಜೊತೆಗೆ ಹೋಗಿ, ಕೋಣೆಯೊಳಗೆ ಕುಳಿತು, ಈ ಪ್ರಶ್ನೆಯನ್ನು ನೀವೇ ಎತ್ತಿ.

ಪ್ರಶ್ನೆ: ಆಪರೇಷನ್ ಆದ ಮೇಲೆ ಬಂದ ವರದಿಯಲ್ಲಿ ‘ಅಂಚಿನಲ್ಲಿ ಕ್ಯಾನ್ಸರ್ ಕಣ’ ಎಂದಿದೆ. ಅಂದರೆ ಒಳಗೆ ಇನ್ನೂ ಉಳಿದಿದೆಯೇ? ಮತ್ತೆ ಆಪರೇಷನ್ ಮಾಡಬೇಕೇ?

ಉತ್ತರ: ಮತ್ತೆ ಶಸ್ತ್ರಚಿಕಿತ್ಸೆ ಬೇಡ. ಹೊರತೆಗೆದ ಗ್ರಂಥಿಯ ಮೇಲ್ಮೈಗೆ ಪ್ರಯೋಗಾಲಯದಲ್ಲಿ ಮೊದಲು ಶಾಯಿ ಬಳಿಯುತ್ತಾರೆ, ಆಮೇಲೆ ತೆಳುವಾಗಿ ಹೋಳು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕಣಗಳು ಆ ಶಾಯಿಯನ್ನು ಮುಟ್ಟಿದ್ದರೆ ನಿಮ್ಮ ವರದಿಯಲ್ಲಿರುವ ಮಾತನ್ನು ಬರೆಯುತ್ತಾರೆ. ಕತ್ತರಿ ಹೋದ ಗೆರೆಯವರೆಗೂ ಕಣಗಳಿದ್ದವು ಎಂದಷ್ಟೇ ಅದರ ಅರ್ಥ. ಗೆರೆಯ ಆಚೆಗೂ ಉಳಿದಿವೆ ಎಂದು ಅದರಿಂದ ಖಚಿತವಾಗುವುದಿಲ್ಲ. ಇಂಥ ವರದಿ ಬಂದವರಲ್ಲಿ ಬಹಳಷ್ಟು ಮಂದಿಗೆ ಕ್ಯಾನ್ಸರ್ ಮರಳುವುದೇ ಇಲ್ಲ. ಅಂಚು ಎಷ್ಟು ಉದ್ದ ತಾಗಿದೆ, ಅಲ್ಲಿನ ಕಣಗಳ ಗ್ಲೀಸನ್ ದರ್ಜೆ (ಕ್ಯಾನ್ಸರಿನ ಉಗ್ರತೆಯ ಅಳತೆ) ಎಷ್ಟು ಎಂಬುದನ್ನು ನಿಮ್ಮ ವೈದ್ಯರಲ್ಲಿ ಕೇಳಿ.

ಇನ್ನು ಮುಂದೆ ನಿಮಗೆ ದಾರಿ ತೋರಿಸುವುದು ಪಿಎಸ್‌ಎ ರಕ್ತಪರೀಕ್ಷೆ. ಗ್ರಂಥಿಯೇ ಇಲ್ಲದ ಮೇಲೆ ಆರರಿಂದ ಎಂಟು ವಾರಗಳಲ್ಲಿ ಅದು 0.1ಕ್ಕಿಂತ ಕೆಳಗೆ, ಅಳೆಯಲಾಗದ ಮಟ್ಟಕ್ಕೆ ಇಳಿಯಬೇಕು. ಮುಂದೆ ಯಾವಾಗಲಾದರೂ 0.2ಕ್ಕೆ ಏರಿ, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಮರುಕಳಿಸಿದೆ ಎಂದು ಪರಿಗಣಿಸುತ್ತಾರೆ. ಅಂಚು ತಾಗಿದವರಿಗೆಲ್ಲ ತಕ್ಷಣ ವಿಕಿರಣ ಚಿಕಿತ್ಸೆ ಕೊಡಬೇಕೆಂಬ ಅಭಿಪ್ರಾಯ ಹಿಂದೆ ಬಲವಾಗಿತ್ತು. ಸುಮಾರು 1,400 ರೋಗಿಗಳಿದ್ದ ರ‍್ಯಾಡಿಕಲ್ಸ್ ಎಂಬ ಅಧ್ಯಯನ 2020ರಲ್ಲಿ ಬಂದ ಬಳಿಕ ಅದು ಬದಲಾಯಿತು: ಪಿಎಸ್‌ಎ ಮೇಲೆ ಕಣ್ಣಿಟ್ಟು, ಏರತೊಡಗಿದ ಕೂಡಲೇ ವಿಕಿರಣ ಕೊಟ್ಟರೂ ಫಲಿತಾಂಶ ಕಡಿಮೆಯಾಗುವುದಿಲ್ಲ, ಅನಗತ್ಯವಾಗಿ ವಿಕಿರಣಕ್ಕೆ ಒಳಗಾಗುವವರ ತೊಂದರೆಯೂ ತಪ್ಪುತ್ತದೆ. ಪರೀಕ್ಷೆಯ ದಿನಾಂಕ ತಪ್ಪಿಸದೆ, ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ.

ಪ್ರಶ್ನೆ: ನನಗೆ 69. ಪಿಎಸ್‌ಎ 6.1, ಕ್ಯಾನ್ಸರ್ ಒಂದನೇ ದರ್ಜೆಯ ಗುಂಪಿನದು, ಅಂದರೆ ಅತಿ ಕಡಿಮೆ ಉಗ್ರತೆಯದು ಎಂದಿದ್ದಾರೆ. ರೋಬೋಟ್ ಆಪರೇಷನ್ ಸುಲಭ ಎನ್ನುತ್ತಾರೆ. ಮಾಡಿಸಿಕೊಂಡುಬಿಡಲೇ?

ಉತ್ತರ: ಸುಲಭ ಎಂಬ ಕಾರಣಕ್ಕೆ ಮಾಡಿಸಿಕೊಳ್ಳಬೇಡಿ. ಹಿಂದೆ ಹೇಳಿದ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಪುರುಷರನ್ನು ಶಸ್ತ್ರಚಿಕಿತ್ಸೆ, ವಿಕಿರಣ, ನಿಗಾ (ತಕ್ಷಣ ಚಿಕಿತ್ಸೆ ಕೊಡದೆ ಪರೀಕ್ಷೆಗಳಿಂದ ಕಣ್ಣಿಟ್ಟಿರುವುದು) ಎಂಬ ಮೂರು ಗುಂಪು ಮಾಡಿದ್ದರು. 15 ವರ್ಷಗಳ ಬಳಿಕ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು ಮೂರೂ ಗುಂಪುಗಳಲ್ಲಿ ಶೇ 2ರಿಂದ 3ರ ಆಸುಪಾಸಿನಲ್ಲಿದ್ದರು. ಕ್ಯಾನ್ಸರ್ ಬೇರೆಡೆಗೆ ಹರಡಿದವರು ನಿಗಾ ಗುಂಪಿನಲ್ಲಿ ಶೇ 9ರಷ್ಟು, ಉಳಿದೆರಡರಲ್ಲಿ ಶೇ 5ರ ಹತ್ತಿರ. ಆ ಅಂತರವನ್ನು ನಿರ್ಲಕ್ಷಿಸುವಂತಿಲ್ಲ. ಆದರೆ ಆ ಕಾಲದ ನಿಗಾ ಮುಖ್ಯವಾಗಿ ಪಿಎಸ್‌ಎಯನ್ನೇ ನಂಬಿತ್ತು. ಇಂದು ಎಂಆರ್‌ಐ, ಮರುಬಯಾಪ್ಸಿಗಳೊಂದಿಗೆ ನಡೆಯುವ ನಿಗಾ ಹೆಚ್ಚು ಬಿಗಿಯಾಗಿದೆ. ಒಂದನೇ ದರ್ಜೆಯ ಗುಂಪಿನ ಕ್ಯಾನ್ಸರಿಗೆ ಇಂದು ಮೊದಲು ಸೂಚಿಸುವುದು ಇದನ್ನೇ. ದರ್ಜೆ ಏರಿದರೆ ಆಗ ಶಸ್ತ್ರಚಿಕಿತ್ಸೆಗೆ ಹೋಗಬಹುದು, ಹೊತ್ತು ಮೀರಿರುವುದಿಲ್ಲ.

ಪ್ರಶ್ನೆ: ತಂದೆಯವರಿಗೆ ಮುಂದಿನ ತಿಂಗಳು ರೋಬೋಟ್ ಆಪರೇಷನ್. ಅವರಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ. ಎರಡನೆಯ ದಿನವೇ ಮನೆಗೆ ಕಳುಹಿಸುತ್ತಾರಂತೆ. ಮನೆಯಲ್ಲಿ ನಾವು ಏನನ್ನು ಗಮನಿಸಬೇಕು?

ಉತ್ತರ: ಗ್ಲಾಕೋಮಾ ಇರುವುದನ್ನು ಈಗಲೇ ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ತಿಳಿಸಿ. ಈ ಶಸ್ತ್ರಚಿಕಿತ್ಸೆಯಲ್ಲಿ ಎರಡು ಮೂರು ಗಂಟೆ ಕಾಲ ತಲೆ ತೀರಾ ಕೆಳಗಾಗಿ ಮಲಗಿಸುವುದರಿಂದ ಕಣ್ಣಿನ ಒತ್ತಡ ಏರುತ್ತದೆ. ಕಣ್ಣಿನ ವೈದ್ಯರ ಅಭಿಪ್ರಾಯ ಮೊದಲೇ ಬೇಕು. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ.

ಎರಡನೆಯ ದಿನ ಮನೆಗೆ ಕಳುಹಿಸುವುದು ಆತುರವಲ್ಲ, ಆದರೆ ಕ್ಯಾತಿಟರ್ ಒಳಗಿರುತ್ತದೆ. ಒಂದು ವಾರದಿಂದ ಹತ್ತು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಅದನ್ನು ಇಡುವುದು ಒಳಗಿನ ಹೊಲಿಗೆ ಕೂಡಿಕೊಳ್ಳಲೆಂದು. ಅದು ಅಕಸ್ಮಾತ್ ಜಾರಿ ಹೊರಬಂದರೆ ಯಾರ ಕೈಯಲ್ಲಾದರೂ ಮತ್ತೆ ಹಾಕಿಸಬೇಡಿ. ಆಪರೇಷನ್ ಮಾಡಿದ ತಂಡಕ್ಕೇ ತೋರಿಸಿ. ಚೀಲದಲ್ಲಿ ತೆಳುಗೆಂಪು ಮೂತ್ರ ಕಂಡರೆ ಗಾಬರಿ ಬೇಡ, ಗಡ್ಡೆಗಟ್ಟಿದ ರಕ್ತ ಬಂದು ಹರಿವು ನಿಂತರೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟದಿರಲೆಂದು ಕೆಲವು ವಾರ ಚರ್ಮದಡಿಗೆ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬೇಡಿ, ಮೊದಲ ದಿನದಿಂದಲೇ ಮನೆಯೊಳಗೆ ನಡೆದಾಡಿಸಿ. ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ರಾತ್ರಿಯೇ ಆಗಿದ್ದರೂ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.